ಒರೆಸಿದ ಫಿಲ್ಟರ್

“ಅಮ್ಮಾ, ಲೆಕ್ಕ ಆಯ್ತು. ಕಿಚನ್ ಗಾಳಿ ಏಕ್‌ದಮ್ ಸೇಫ್!” ಎಂದಳು ವೈಷ್ಣವಿ. ಲೇಕ್ ಮಾರ್ಕೆಟ್ಟಿನ ತಮ್ಮ ಹೋಟೆಲಿನ ದೋಸೆ ಕಾವಲಿಯ ಬಳಿ ಅವಳು ಗಾಳಿಯ ಮಸಿ-ಧೂಳು ಅಳೆಯುವ ಕಾಲೇಜಿನ ಯಂತ್ರವನ್ನು ಇಡೀ ದಿನ ಓಡಿಸಿದ್ದಳು. ಫಿಲ್ಟರಿನ ತೂಕ ಎಷ್ಟು ಹೆಚ್ಚಿತೆಂದು ನೋಡಿ, ಅದನ್ನು ಯಂತ್ರ ಎಳೆದ ಗಾಳಿಯ ಪ್ರಮಾಣದಿಂದ ಭಾಗಿಸಿದ್ದಳು.

ಗಲ್ಲಾದಲ್ಲಿದ್ದ ಅಪ್ಪ ಹರಿದಾಸ ಚಿಲ್ಲರೆ ಎಣಿಸುವುದನ್ನು ಬಿಟ್ಟು ತಲೆಯೆತ್ತಿದ. ಫಿಲ್ಟರ್ ತೆಗೆದು, ತೂಕಕ್ಕೆ ಕಾಲೇಜಿಗೆ ಒಯ್ಯುವ ಡಬ್ಬಿಗೆ ಹಾಕಿದವನು ಅವನೇ. ಅಷ್ಟು ಕಪ್ಪಾದದ್ದನ್ನು ಕಾಲೇಜಿನವರು ನೋಡಿದರೆ ಹೋಟೆಲಿನ ಮಾನ ಹೋದೀತೆಂದು ಚೆನ್ನಾಗಿ ಕೊಡವಿ, ಬಟ್ಟೆಯಿಂದ ಒರೆಸಿ ಹಾಕಿದ್ದ.

“ಹೊಗೆಗೆ ಹೋಗ್ಬೇಡಿ ಅಂತೆ! ಆ ಡಾಕ್ಟ್ರಿಗೆ ಎಂತ ಗೊತ್ತುಂಟು?” ವಾರದಿಂದ ಕೆಮ್ಮುತ್ತ ಹೊರಗೆ ಕೂತಿದ್ದ ಅಮ್ಮ ಅಂಬುಜಾ ಎದ್ದು ಸೆರಗು ಸಿಕ್ಕಿಸಿದಳು. “ಎಂತ ಮಾರಾಯ್ರೆ, ಗೂಬೆಯ ಹಾಗೆ ನೋಡ್ತೀರಿ? ಗಿರಾಕಿ ಬಂದಿದ್ದಾರೆ.”

ಅವಳು ಕಾವಲಿಯ ಮುಂದೆ ನಿಂತಳು. ಹರಿದಾಸ ಬಾಯಿ ತೆರೆದ. “ಎರಡು ಮಸಾಲೆ,” ಎಂದ.