ಬಸ್ಸು ಬಂದ್ಲು

“ದೋಸೆ ಹೆಣ್ಣು” ಎಂದರು ರಂಜಿತ ಮಿಸ್. ಗೌನಿಪಲ್ಲಿ ಗ್ರಂಥಾಲಯದ ಬೇಸಿಗೆ ಶಿಬಿರಕ್ಕೆ ಶಿಬಿರವೇ ಗೊಳ್ಳೆಂದು ನಕ್ಕಿತು. ನಗದೆ ಕೂತವಳು ಸಬಾ ಒಬ್ಬಳೇ.

ಅವಳಿಗೆ ನಗು ಬರುವುದಾದರೂ ಹೇಗೆ? ಮೊದಲ ದಿನ ಪಕ್ಕದೂರಿನಿಂದ ತಡವಾಗಿ ಬಂದವಳು “ಬಸ್ಸು ಲೇಟಾಗಿ ಬಂದ್ಲು ಮಿಸ್” ಅಂದುಬಿಟ್ಟಿದ್ದಳು. ಮನೆಯಲ್ಲಿ ಆಡುವುದು ದಖನಿ ಉರ್ದು, ಅದರಲ್ಲಿ ಬಸ್ಸು ಹೆಣ್ಣು. ಅವತ್ತಿನಿಂದ ಅವಳು ಬಾಗಿಲಲ್ಲಿ ಕಂಡರೆ ಸಾಕು, ಶಿಬಿರದ ಹುಡುಗ ವೆಂಕಟ್ “ಬಂದ್ಲು, ಬಂದ್ಲು, ಬಸ್ಸು ಬಂದ್ಲು” ಎಂದು ರಾಗ ಎಳೆಯುತ್ತಿದ್ದ. ಸಬಾ ಬಾಯಿಗೆ ಬೀಗ ಹಾಕಿಕೊಂಡಳು. ನಾಳೆಯಿಂದ ಹೋಗಲ್ಲ ಎಂದು ಅಮ್ಮಿಗೂ ಹೇಳಿಯಾಗಿತ್ತು. ಇವತ್ತು ಬಂದದ್ದು ಬರೀ ದೋಸೆಯ ಆಸೆಗೆ. ಅವಮಾನ ಬೇರೆ, ದೋಸೆ ಬೇರೆ.

ದೋಸೆಯೆಂದರೆ ನಮ್ಮ ದೋಸೆಯಲ್ಲ. ಫ್ರಾನ್ಸ್ ದೇಶದ ಒಂದು ಮೂಲೆಯಲ್ಲಿ ಸಮುದ್ರಕ್ಕೆ ಮೂತಿ ಚಾಚಿಕೊಂಡಿರುವ ಬ್ರಿಟನಿ ಎಂಬ ಸೀಮೆಯದು. ಹೆಸರು ಕ್ರೆಪ್. ಮೈದಾ, ಮೊಟ್ಟೆ, ಹಾಲು ಕಲಸಿದ ತೆಳ್ಳನೆಯ ಹಿಟ್ಟು. ಅಲ್ಲಿಯವರು ಚಳಿಗಾಲದ ಒಂದು ಹಬ್ಬದಲ್ಲಿ ಎಡಗೈಲಿ ನಾಣ್ಯ ಹಿಡಿದು, ಬಲಗೈಲಿ ಬಾಣಲೆ ಎತ್ತಿ, ದೋಸೆಯನ್ನು ಗಾಳಿಯಲ್ಲೇ ಮಗುಚುತ್ತಾರಂತೆ. ನೆಟ್ಟಗೆ ಬಿದ್ದರೆ ವರ್ಷವೆಲ್ಲ ಒಳ್ಳೆಯದಂತೆ.

“ಫ್ರೆಂಚ್‌ನಲ್ಲಿ ಪ್ರತಿಯೊಂದು ವಸ್ತುವೂ ಗಂಡು, ಇಲ್ಲಾ ಹೆಣ್ಣು. ಗಂಡಾದ್ರೆ ಮುಂದೆ ‘ಲೆ’, ಹೆಣ್ಣಾದ್ರೆ ‘ಲಾ’. ಲಾ ಕ್ರೆಪ್! ನಾನು ಕೇಳಿದ್ದು ಗಂಡೋ ಹೆಣ್ಣೋ ಸರಿಯಾಗಿ ಹೇಳಿದವರಿಗೆ ಮೊದಲನೇ ದೋಸೆ ಮಗುಚೋ ಚಾನ್ಸು” ಎಂದರು ಮಿಸ್.

“ಉಲ್ಟಾ ಆಯ್ತು ಮಿಸ್! ನಾವು ‘ಏನ್ಲಾ’ ಅನ್ನೋದು ಹುಡುಗ್ರಿಗೆ!” ಎಂದ ವೆಂಕಟ್.

ಮಿಸ್ಸಿಗೂ ನಗು ತಡೆಯಲಾಗಲಿಲ್ಲ. ಕುರ್ಚಿ ತೋರಿಸಿ, “ಹಂಗಾದ್ರೆ ನೀನೇ ಹೇಳು, ಇದೇನು?” ಎಂದರು.

“ಗಂಡು ಮಿಸ್. ನಾಲ್ಕು ಕಾಲೂ ಗಟ್ಟಿಯಾಗವೆ.”

“ತಪ್ಪು.”

ಸಬಾಳ ಕಿವಿಯಲ್ಲಿ ಅಮ್ಮಿಯ ಗೊಣಗಾಟ ಕೇಳಿಸಿತು: ‘ಕುರ್ಸಿ ಟೂಟ್ ಗಯೀ’, ಅಂದರೆ ಕುರ್ಚಿ ಮುರಿದುಹೋದ್ಲು. ಬಾಯಿಯ ಬೀಗ ತಾನಾಗಿಯೇ ಕಳಚಿತು. “ಹೆಣ್ಣು ಮಿಸ್. ನಮ್ಮನೇಲಿ ಕುರ್ಚಿ ಹೆಣ್ಣೇ.”

“ಭೇಷ್! ಲಾ ಶೇಝ್. ಹಾಲು?”

“ಗಂಡು.”

“ಬೀಗದ ಕೈ?”

“ಹೆಣ್ಣು.”

“ಪುಸ್ತಕ?”

“ಹೆಣ್ಣು!”

“ಅದೊಂದು ಗಂಡು. ಅಲ್ಲಿಯವರೂ ನಿಮ್ಮನೆಯವರೂ ಎಲ್ಲದಕ್ಕೂ ಒಪ್ಪಲೇಬೇಕು ಅಂತೇನಿಲ್ಲ” ಎಂದು ಮಿಸ್ ಬಾಣಲೆಯನ್ನು ಅವಳ ಕಡೆಗೆ ಚಾಚಿದರು.

“ನೀಕೆಟ್ಲಾ ತೆಲುಸು?” ಬೆರಗಾದಾಗ ವೆಂಕಟ್ ಬಾಯಿಗೆ ಬರುವುದು ಮನೆಯ ತೆಲುಗೇ. “ನಿಂಗೆ ಹೆಂಗೆ ಗೊತ್ತೇ ಇದೆಲ್ಲಾ? ಮಿಸ್, ಹಂಗಾದ್ರೆ... ಬಸ್ಸು?”

ಬಾಣಲೆಗೆ ಚಾಚಿದ ಕೈಯನ್ನು ಸಬಾ ಹಿಂದಕ್ಕೆಳೆದುಕೊಂಡಳು. ಆದರೆ ಈ ಸಲ ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ.

“ಬಸ್ಸು ಅಲ್ಲಿ ಗಂಡು” ಎಂದರು ಮಿಸ್, ತುಸು ಅಳುಕಿನಿಂದಲೇ.

ಎಲ್ಲರೂ ಸಬಾಳನ್ನು ನೋಡಿದರು. ಅವಳು ಕಿಸಕ್ಕನೆ ನಕ್ಕಳು. “ಹಂಗಾದ್ರೆ ಅವ್ರು ‘ಬಸ್ಸು ಬಂದ’ ಅಂತಾರಾ ಮಿಸ್?”

“ಹೆಚ್ಚುಕಮ್ಮಿ ಹಂಗೇ ಕಣಮ್ಮ.”

ಎಡಗೈಲಿ ನಾಣ್ಯವನ್ನು ಬಿಗಿಹಿಡಿದು ಸಬಾ ಬಾಣಲೆ ಎತ್ತಿದಳು. ದೋಸೆ ಹಾರಿತು, ಅರ್ಧ ಬಾಣಲೆಗೂ ಅರ್ಧ ಒಲೆಯಂಚಿಗೂ ಬಿತ್ತು. “ಅರ್ಧ ವರ್ಷ ಗ್ಯಾರಂಟಿ” ಎಂದ ವೆಂಕಟ್, ತಮ್ಮ ತೋಟದ ಬಾದಾಮಿ ಮಾವಿನ ಹೋಳುಗಳನ್ನು ಎಲ್ಲರಿಗಿಂತ ಮೊದಲು ಅವಳ ದೋಸೆಗೇ ಸುರಿದ. ಹಣ್ಣಿನ ರಸ ಮೊಣಕೈವರೆಗೂ ಇಳಿಯಿತು. ಸಬಾಗೆ ಅವತ್ತು ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು.

ಸಂಜೆ ರಸ್ತೆಯಲ್ಲಿ ಧೂಳೆದ್ದಿತು. ಮೊದಲು ಕಂಡವನು ವೆಂಕಟ್. ಹೊಸದಾಗಿ ಕಲಿತದ್ದನ್ನು ಬಾಯಲ್ಲಿ ಇಟ್ಟುಕೊಳ್ಳಲಾರದೆ, “ಸಬಾ, ಓಡು! ಬಸ್ಸು ಬಂದ!” ಎಂದು ಕೂಗಿದ.

ಸಬಾ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದಳು.

“ಕನ್ನಡದಲ್ಲಿ ‘ಬಂತು’ ಅನ್ಬೇಕು ಕಣೋ. ನಾಳೆ ಬರ್ತೀನಲ್ಲ, ಹೇಳ್ಕೊಡ್ತೀನಿ.”