ಸೂರನ ದಿಬ್ಬ

ಉತ್ತರ ಧ್ರುವದ ಹಿಮ ಕರಗಿದ ಮೇಲೆ ಅಲ್ಲಿನ ಮರಳುದಿಬ್ಬ, ಹಿನ್ನೀರುಗಳು ದಿನಕ್ಕೊಂದು ಜಾಗ ಹಿಡಿಯುತ್ತಿದ್ದವು. ಗಂಗೊಳ್ಳಿಯಿಂದ ಅಳತೆಗೆ ಹೋದವರು ಊರಿನ ವಾಡಿಕೆ ಬಿಟ್ಟಿರಲಿಲ್ಲ. ಕಡಲು ಯಾರನ್ನು ಎಲ್ಲಿ ನುಂಗಿತೋ ಅಲ್ಲಿ ಏಳುವ ದಿಬ್ಬಕ್ಕೆ ಅವರದೇ ಹೆಸರು. ನಕ್ಷೆಯ ಯಂತ್ರ ನಾಳೆಯ ದಿಬ್ಬಗಳನ್ನು ಹೆಸರು ಸಮೇತ ಇಂದೇ ಬರೆದುಕೊಡುತ್ತಿತ್ತು.

ಅಂದು ಬೆಳಿಗ್ಗೆ ಅಕ್ಕಣಿ ಹೊಸ ನಕ್ಷೆಯಲ್ಲಿ ಅಕ್ಷರ ಕೂಡಿಸಿ ಓದಿದಳು: ಸೂರ. ಅವಳ ತಮ್ಮ ಆಗಲೇ ಅಳತೆಗೋಲು ಹೆಗಲಿಗೇರಿಸಿದ್ದ.

"ಇವತ್ತ್ ನೀರಿಗಿಳಿಬೇಡ ಮಾರಾಯ. ನಿನ್ ಹೆಸ್ರ್ ಬಂದಿತ್."

"ದಿಬ್ಬ ದೊಡ್ಡದಾ ಅಕ್ಕ? ಸಣ್ಣದಾರೆ ನಂಗ್ ಬ್ಯಾಡ."

ಅವಳು ನಗಲಿಲ್ಲ. ಅವನನ್ನು ಗುಡಿಸಲೊಳಗೆ ನೂಕಿ, ಹೊರಗಿನಿಂದ ಚಿಲಕ ಹಾಕಿ, ಕೋಲು ಹೊತ್ತು ತಾನೇ ನಡೆದಳು. ಹರದಾರಿ ದೂರ ಹೋಗಿ ಕೋಲನ್ನು ಮೊದಲ ಸಲ ನೆಡುವಾಗ ನಕ್ಷೆ ಬಿಚ್ಚಿದಳು. ಹೆಸರು ಓದುವ ಗಡಿಬಿಡಿಯಲ್ಲಿ ಜಾಗವನ್ನು ನೋಡಿಯೇ ಇರಲಿಲ್ಲ. ನಕ್ಷೆಯಲ್ಲಿ ಸೂರನ ದಿಬ್ಬ ಗುಡಿಸಲಿದ್ದಲ್ಲೇ ಎದ್ದಿತ್ತು.

ಅಕ್ಕಣಿ ಹಿಂದಕ್ಕೆ ಓಡಿದಳು. ನಡುದಾರಿಯಲ್ಲಿ ಹಿನ್ನೀರು ಆಗಲೇ ಎದೆಮಟ್ಟಕ್ಕೆ ಏರಿತ್ತು.