ಮಗ್ಗ ನಿಂತ ಹೊತ್ತು

ಕೆಂಪು ದೀಪ ಮತ್ತೆ ಹತ್ತಿತು. ಕಾವೇರಿ ಹಣೆ ಬಡಿದುಕೊಂಡಳು. ಸೀರೆಯ ಸೆರಗಿನ ಚಿತ್ತಾರವನ್ನು ಮಗ್ಗಕ್ಕೆ ಹೇಳಿಕೊಡುವ ರಟ್ಟಿನ ಜಕಾರ್ಡ್ ಕಾರ್ಡುಗಳಿಗೆ ತೂತು ಹೊಡೆಯಲೆಂದು ಅವಳು ಪಡಸಾಲೆಯಲ್ಲಿ ಕಟ್ಟಿದ ಹೊಸ ಯಂತ್ರ, ಎರಡು ತೂತು ಹೊಡೆದು ಕೈಕಟ್ಟಿ ಕೂತಿತ್ತು. ಹೊರಗೆ ಕಟ್ಟೆಯ ಮೇಲೆ ಮಾವ ಪರಸಪ್ಪ ಸೆರಗಿನ ನಕ್ಷೆಯನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದ. ನಾಲ್ಕರ ಬಸ್ಸಿಗೆ ಇಚಲಕರಂಜಿಗೆ ಹೋಗಿ ಕಾರ್ಡು ಹೊಡೆಸಿಕೊಂಡು ಬರುವುದು ಅವನ ಹಠ.

"ಮಿಷನ್ನಿಗೆ ಏನ ಆಗೈತಿ?" ಪರಸಪ್ಪ ಕೂಗಿದ.

"ಏನೂ ಆಗಿಲ್ರಿ ಮಾವಾರ. ತುಸು ತಡೀರಿ," ಕಾವೇರಿಯೂ ಕೂಗಿದಳು.

"ನಾ ತಡೀತೇನಿ. ಬಸ್ಸು ತಡೀಬೇಕಲ್ಲ."

ಇದು ಜಗಳವಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್ ಬಡಿಯುತ್ತಿರುತ್ತದೆ. ಅಲ್ಲಿ ಉಪ್ಪು ಕೇಳುವುದೂ ಕೂಗಿ, ಗುಟ್ಟು ಹೇಳುವುದೂ ಕೂಗಿ. ಹೊಸ ಬೀಗರು ಬಂದರೆ ಜಗಳ ಬಿಡಿಸಲು ಎದ್ದು ನಿಲ್ಲುತ್ತಾರೆ. ಪರಸಪ್ಪನ ಕಿವಿಯಂತೂ ಮಗ್ಗದ ಸಪ್ಪಳದಲ್ಲೇ ಸವೆದುಹೋಗಿತ್ತು. ಈಗ ಕಣ್ಣೂ ಮಂಜಾಗಿ, ಓಣಿಗೆಲ್ಲ ಕಾರ್ಡು ಹೊಡೆದುಕೊಡುತ್ತಿದ್ದ ಕೈ ಸುಮ್ಮನೆ ಕೂತಿತ್ತು. ಒಮ್ಮೆ ನಕ್ಷೆ ಹೊರಗೆ ಹೋಯಿತೆಂದರೆ ಮನೆಯ ಈ ಕಸುಬೂ ಅದರ ಬೆನ್ನು ಹತ್ತಿ ಹೋದಂತೆಯೇ ಎಂಬುದು ಕಾವೇರಿಯ ಸಂಕಟ. ಐಟಿಐಯಲ್ಲಿ ವೈರಿಂಗ್ ಕಲಿತವಳು ಸುಮ್ಮನೆ ನೋಡುತ್ತ ಕೂರುವುದುಂಟೇ?

ಅವಳು ತರಿಸಿದ ಮೋಟಾರು ಸಾದಾ ಮೋಟಾರಲ್ಲ. ಅದರ ಬೆನ್ನಿಗೊಂದು ಕಣ್ಣಿದೆ. ತಾನು ಎಷ್ಟು ತಿರುಗಿದೆ ಎಂಬುದನ್ನು ನೋಡಿಕೊಂಡು ಸಣ್ಣ ತಂತಿಗಳ ಮೂಲಕ ತನ್ನನ್ನು ನಡೆಸುವ ಡ್ರೈವರ್ ಪೆಟ್ಟಿಗೆಗೆ ಸುದ್ದಿ ಕಳಿಸುತ್ತದೆ. ಲೆಕ್ಕ ತಪ್ಪಿದರೆ ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ. ಆದರೆ ನೇಕಾರರ ಮನೆಯ ಹೆಣ್ಣಿಗೆ ಬಿಡಿಬಿಡಿ ಎಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಆ ಸಣ್ಣ ತಂತಿಗಳನ್ನೂ ದಪ್ಪ ಕರೆಂಟಿನ ತಂತಿಗಳನ್ನೂ ಸೇರಿಸಿ ಕಾವೇರಿ ಚೆಂದದ ಜಡೆ ಹೆಣೆದಿದ್ದಳು. ದಪ್ಪ ತಂತಿ ಪಕ್ಕದ ಸಣ್ಣ ತಂತಿಯ ಸುದ್ದಿ ಕೆಡಿಸುತ್ತದೆಂದು ಹೊಳೆದು ಬೆಳಿಗ್ಗೆ ಜಡೆ ಬಿಚ್ಚಿದ್ದಳು. ಆದರೂ ದೀಪ ಕೆಂಪೇ.

ಅಷ್ಟರಲ್ಲಿ ಗೋಡೆಯಾಚೆ ಭೀಮಪ್ಪನ ಮಗ್ಗದಲ್ಲಿ ಎಳೆ ಕಡಿಯಿತು. ಅವನು ಮಗ್ಗ ನಿಲ್ಲಿಸಿದ. ಕಾವೇರಿಯ ಯಂತ್ರ ಟಕಟಕನೆ ಒಂದು ಸಾಲು ಪೂರ್ತಿ ತೂತು ಹೊಡೆಯಿತು. ಭೀಮಪ್ಪ ಎಳೆ ಕಟ್ಟಿ ಮಗ್ಗ ಶುರು ಮಾಡಿದ, ಕೆಂಪು ದೀಪ.

"ಅತ್ತೀ, ಗೊತ್ತಾತ್ರಿ!" ಕಾವೇರಿ ಜಿಗಿದು ಎದ್ದಳು. "ಮಗ್ಗದ ಮೋಟಾರಿನ ಗದ್ದಲ ಈ ತಂತಿಯೊಳಗ ಹೊಕ್ಕೊಳ್ಳಾಕತ್ತೈತಿ. ನಮಗ ಹೆಂಗ ಸಪ್ಪಳದಾಗ ಮಾತು ಕೇಳಂಗಿಲ್ಲೋ, ಇದಕ್ಕೂ ಹಂಗ. ಮ್ಯಾಲ ತಾಮ್ರದ ಜಾಳಿಗಿ ಸುತ್ತಿರೋ ವಾಯರ್ ನಾಳಿ ಹುಬ್ಬಳ್ಳಿಯಿಂದ ಬರತೈತಿ. ಅದನ್ನ ಹಾಕಿದ್ರ ಯಾವ ಮಗ್ಗ ನಡದ್ರೂ ಚಿಂತಿಲ್ಲ."

"ನಾಳಿ ಬಂದ್ರ ಏನ ಬಂತು, ಇವರು ಇವತ್ತ ಹೊಂಟಾರಲ್ಲ," ಎಂದಳು ಅತ್ತೆ ಶಂಕ್ರೆವ್ವ. ಒಂದು ಗಳಿಗೆ ಯೋಚಿಸಿ ಸೆರಗು ಸೊಂಟಕ್ಕೆ ಸಿಗಿಸಿದಳು. "ಭೀಮಪ್ಪನ ಮಗ್ಗ ಒಂದ ಯಾಕ, ಇಡೀ ಓಣಿ ಬಂದ್ ಮಾಡಸ್ತೇನಿ, ತಡಿ."

ಮುದುಕಿ ಮನೆಮನೆಗೆ ನುಗ್ಗಿದಳು. "ಹತ್ತ ನಿಮಿಷ ಮಗ್ಗ ನಿಂದರಸ್ರಿ, ನನ್ನ ಸೊಸೀ ಮಿಷನ್ ನಾಚಾಕತ್ತೈತಿ" ಎಂದಳು. ನಕ್ಕೇ ಅರ್ಧ ಓಣಿ ಮಗ್ಗ ನಿಲ್ಲಿಸಿತು. ಉಳಿದರ್ಧ ಏನಿದೆಂದು ನೋಡುವ ಆಸೆಗೆ ನಿಲ್ಲಿಸಿತು. ಕಡೆಯ ಮಗ್ಗವೂ ನಿಂತಾಗ ಯಾರದೋ ಮನೆಯ ಒಗ್ಗರಣೆ ಚಟಪಟ ಎಂದದ್ದು ಆಚೆ ತುದಿಗೂ ಕೇಳಿಸಿತು. ಕರೆಂಟ್ ಇದ್ದೂ ಇಂಥ ಮೌನ ಆ ಜನಕ್ಕೆ ಹೊಸದು. ಹುಡುಗರು ಸುಮ್ಮಸುಮ್ಮನೆ ಕಿಸಕಿಸ ನಕ್ಕರು.

ಕಾವೇರಿ ಗುಂಡಿ ಒತ್ತಿದಳು. ಹಸಿರು ದೀಪ. ಯಂತ್ರ ಆಚೆ ಹೋಯಿತು, ಈಚೆ ಬಂತು, ತೂತಿನ ಮೇಲೆ ತೂತು ಹೊಡೆಯಿತು. ಪರಸಪ್ಪ ಒಳಗೆ ಬಂದು ಅನುಮಾನದಿಂದ ಅದರ ತೋಳನ್ನು ಹೆಬ್ಬೆರಳಲ್ಲಿ ಒತ್ತಿ ದೂಡಿದ. ಅದು ತುಸು ಜರುಗಿ ತನ್ನ ಜಾಗಕ್ಕೇ ಮರಳಿತು. "ನಿಮ್ಮಂಗ ಹಟಮಾರಿ ಐತಿ," ಎಂದಳು ಶಂಕ್ರೆವ್ವ.

ಮೊದಲ ಕಾರ್ಡು ಮುಗಿಯಿತು. ಪರಸಪ್ಪ ಅದನ್ನು ಬೆಳಕಿಗೆ ಹಿಡಿದ. ಕಣ್ಣು ಸಾಲದೆ ಬೆರಳಾಡಿಸಿದ, ಸಾಲು ಸಾಲು, ತಪ್ಪು ಸಿಕ್ಕೇ ಸಿಗುತ್ತದೆಂದು. ಮುದುಕ ಕಾರ್ಡು ಕೆಳಗಿಟ್ಟ. ಹೆಂಡತಿಯನ್ನು ಕಣ್ಸನ್ನೆಯಲ್ಲಿ ಕಟ್ಟೆಗೆ ಕರೆದೊಯ್ದು, ಬಾಯಿಗೆ ಕೈ ಅಡ್ಡ ಹಿಡಿದು, ಎಂದಿನಂತೆ ಗುಟ್ಟಾಗಿ ಕೂಗಿದ:

"ನನ್ನ ಹರೇದಾಗ ನಾನೂ ಇಷ್ಟ ನೆಟ್ಟಗ ಹೊಡದಿಲ್ಲ. ಬಾಳ ಶಾಣೇ ಅದಾಳ ಹುಡುಗಿ. ಅಕಿ ಮುಂದ ಹೇಳಬ್ಯಾಡ ಮತ್ತ, ತಲಿ ಮ್ಯಾಲ ಕುಂದರತಾಳ. ನಾ ಬಸ್ಸು ತಪ್ಪಿತಂತ ಹೇಳತೇನಿ."

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಬ್ಬರೂ ಕೇಳಿದರು. ಒಳಗೆ ಕಾವೇರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಯಂತ್ರದ ಕಡೆ ತಿರುಗಿದಳು. ಅವಳಿಗೆ ಅಲ್ಲೇ ಕುಣಿಯಬೇಕೆನ್ನುವಷ್ಟು ಖುಷಿಯಾಗಿತ್ತು. ಶಂಕ್ರೆವ್ವ ನಗು ತಡೆದು ತಡೆದು ಕಣ್ಣೀರು ತಂದುಕೊಂಡಳು.

"ಎಲ್ಲಾರೂ ಯಾಕ ಹಿಂಗ ನೋಡಾಕತ್ತೀರಿ? ಆತಲ್ಲ, ಇನ್ನ ಮಗ್ಗ ಚಾಲೂ ಮಾಡ್ರಿ," ಎಂದ ಪರಸಪ್ಪ. ಚಪ್ಪಲಿ ಕಳಚಿ ಬದಿಗಿಟ್ಟು, ಇನ್ನೇನೋ ನೆನಪಾಗಿ ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಕಡೆ ವಾಲಿದ.

ಪಕ್ಕದ ಮನೆಯಲ್ಲಿ ಭೀಮಪ್ಪ ಸ್ವಿಚ್ಚಿನ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದ.